ಟೌನ್‌ಹಾಲ್ ಹತ್ತಿರದ ಡಿಟಿಪಿ ಅಂಗಡಿ: ರಾಗಿ ಕಾಳಿನ ಲಂಕೆಗೆ 180 ರೂಪಾಯಿ

ಬಿಲ್ಲು ಮೊದಲು ಹೇಳಿಬಿಡುತ್ತೇನೆ. ಫಾಂಟು ಬದಲಿಸಿದ್ದು 62 ಪುಟ, ಪುಟಕ್ಕೆ 5 ರೂಪಾಯಿಯಂತೆ 310. ಪುಸ್ತಿಕೆ 24 ಪುಟ, 30 ಪ್ರತಿ, ಪುಟಕ್ಕೆ ಒಂದೂವರೆ ರೂಪಾಯಿ, 1,080. ಮುಟ್ಟಿ ನೋಡುವ ನಕ್ಷೆ ಒಂದು, 180. ಒಟ್ಟು 1,570.

ಅಂಗಡಿಯವರು "ಸಾವಿರದೈನೂರು ಕೊಡಿ ಸಾರ್, ಸಾಕು" ಅಂದರು. ನಾನು ಫೋನು ತೆಗೆಯದೆ ನಿಂತೆ. "ಎಪ್ಪತ್ತು ಯಾಕೆ ಬಿಟ್ಟಿರಿ? ಎಲ್ಲರಿಗೂ ಬಿಡ್ತೀರಾ, ಇಲ್ಲ ನನಗೆ ಮಾತ್ರಾನಾ?"

"ಸಾವಿರ ದಾಟಿದರೆ ಎಲ್ಲರಿಗೂ ಚಿಲ್ಲರೆ ಬಿಡ್ತೀನಿ ಸಾರ್. ಬೇಕಿದ್ರೆ ಪಕ್ಕದಲ್ಲಿರೋರನ್ನ ಕೇಳಿ."

ಪಕ್ಕದಲ್ಲಿದ್ದವರು ಹೂಂ ಅಂದರು. ಆಗ ಕೊಟ್ಟೆ. ಸೌಂಡ್ ಬಾಕ್ಸು ಕನ್ನಡದಲ್ಲಿ ಮೊತ್ತ ಕೂಗಿತು. ಆ ಡಬ್ಬಿ ಬಂದಮೇಲೆ ನನ್ನಂಥವರಿಗೆ ಅರ್ಧ ಜಗಳ ಕಡಿಮೆಯಾಗಿದೆ.

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ತುಮಕೂರು ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಮನೆ ಕ್ಯಾತ್ಸಂದ್ರ. ಈ ಅಂಗಡಿ ಟೌನ್‌ಹಾಲ್ ಸರ್ಕಲ್‌ನಿಂದ ಸ್ವಲ್ಪ ದೂರ, ಒಂದು ಸಂದಿಯೊಳಗೆ. ಹೆಸರು ಕೇಳಬೇಡಿ, ಅದಕ್ಕೆ ಹೆಸರಿಲ್ಲ. ಬೋರ್ಡಿನ ಮೇಲೆ "ಜೆರಾಕ್ಸ್, ಡಿಟಿಪಿ, ಲ್ಯಾಮಿನೇಷನ್" ಅಂತ ಮೂರೇ ಪದ ಇವೆಯಂತೆ. ನನಗೆ ಗುರುತು ಬೇರೆ. ಸಂದಿಯ ಬಾಯಲ್ಲಿ ಬಜ್ಜಿ ಎಣ್ಣೆ ವಾಸನೆ, ಅಲ್ಲಿಂದ ಹದಿನಾಲ್ಕು ಹೆಜ್ಜೆ, ಆಮೇಲೆ ಬಿಸಿ ಕಾಗದದ ವಾಸನೆ. ಕರೆಂಟು ಹೋದ ದಿನ ಬಿಸಿ ಕಾಗದದ ವಾಸನೆ ಇರಲ್ಲ. ಎರಡು ಸಲ ಅಂಗಡಿ ದಾಟಿಕೊಂಡು ಮುಂದಿನ ಟೈಲರ್ ಅಂಗಡಿಗೆ ಹೋಗಿ ನಿಂತಿದ್ದೇನೆ.

ಮೊದಲ ಸಲ ಹೋದಾಗ ಆರು ಜೆರಾಕ್ಸ್ ಮಾಡಿಸಿದ್ದೆ. 12 ರೂಪಾಯಿ. ಅವರು ತಗೊಳ್ಳಲಿಲ್ಲ. "ನಿಮ್ಮ ಹತ್ರ ತಗೊಂಡ್ರೆ ದೇವರು ಮೆಚ್ತಾನಾ ಸಾರ್" ಅಂದರು. ಈ ಮಾತು ನನಗೆ ಹೊಸದಲ್ಲ. ಟೀ ಅಂಗಡಿಯಲ್ಲಿ, ಆಟೋದಲ್ಲಿ, ಕಟಿಂಗ್ ಶಾಪಿನಲ್ಲಿ ಕೇಳಿ ಕೇಳಿ ಸಾಕಾಗಿದೆ. ಅವರ ಮನಸ್ಸು ಕೆಟ್ಟದ್ದು ಅಂತಲ್ಲ. ಆದರೆ ಪುಕ್ಕಟೆ ಮಾಡಿಸಿಕೊಂಡ ಕೆಲಸ ಕೆಟ್ಟರೆ ಬೈಯೋಕಾಗಲ್ಲ, ಅಲ್ವಾ? "ಇನ್ನೊಂದು ಸಲ ಮಾಡಿಕೊಡಿ, ಸೊಟ್ಟಗೆ ಬಂದಿದೆ" ಅನ್ನೋಕಾಗಲ್ಲ. ನಾಣ್ಯ ಎಣಿಸಿ ಟೇಬಲ್ ಮೇಲಿಟ್ಟು, "ತಗೊಂಡರೆ ನಾಳೆ ಬರ್ತೀನಿ, ಇಲ್ಲಾಂದ್ರೆ ಬೇರೆ ಕಡೆ ಹೋಗ್ತೀನಿ" ಅಂದೆ. ತಗೊಂಡರು. ಅವತ್ತಿನಿಂದ ಪೈಸೆ ಪೈಸೆ ಲೆಕ್ಕ. ನಾಲ್ಕು ವರ್ಷದಿಂದ ಇಲ್ಲಿಗೇ ಬರುತ್ತಿರುವುದಕ್ಕೆ ಇದೊಂದು ಕಾರಣ.

ಈ ಸಲದ ಕೆಲಸ ಸ್ವಲ್ಪ ದೊಡ್ಡದು. ನಮ್ಮ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಮೇಷ್ಟ್ರುಗಳ, ಸಮಾಲೋಚನಾ ಸಭೆಯಲ್ಲಿ ಸಮನ್ವಯ ಶಿಕ್ಷಣದ ಬಗ್ಗೆ ನಾನು ಮಾತಾಡಬೇಕಿತ್ತು. ವಿಕಲಚೇತನ ಮಕ್ಕಳಿಗೂ ಮಾಮೂಲಿ ಶಾಲೆಯಲ್ಲೇ ಎಲ್ಲರ ಜೊತೆ ಕಲಿಸುವುದಕ್ಕೆ ಹಾಗಂತಾರೆ. ಈ ವಿಷಯ ಬಂದರೆ ನನ್ನನ್ನೇ ನಿಲ್ಲಿಸುತ್ತಾರೆ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ ಬದಲು ಬೇರೆ ವಿಷಯ ತಗೊಂಡ ಕಥೆ, ಹಾಸ್ಟೆಲ್ ಕಥೆ, ಬಿ.ಇಡಿ. ಕಥೆ. ಎಲ್ಲರೂ ಚಪ್ಪಾಳೆ ಹೊಡೆದು ಊಟಕ್ಕೆ ಏಳುತ್ತಾರೆ. ಈ ಸಲ ನನ್ನ ಕಥೆ ಬೇಡ ಅನ್ನಿಸಿತು. ನಮ್ಮ ಶಾಲೆಗಳ ಬಗ್ಗೆ ಹೇಳಿದರೆ ಕೂತವರೆಲ್ಲ ತಕ್ಷಣ ವಕೀಲರಾಗುತ್ತಾರೆ. ಪಕ್ಕದ ಮನೆ ವಿಷಯ ಆದರೆ ಕಿವಿ ನೆಟ್ಟಗಾಗುತ್ತದೆ. ಅದಕ್ಕೆ ಶ್ರೀಲಂಕಾ ಆರಿಸಿಕೊಂಡೆ, ಸಭೆಗೆ ಅದರ ಬಗ್ಗೆಯೇ ಪುಸ್ತಿಕೆ ಮಾಡಿಸೋಣ ಅಂದುಕೊಂಡೆ.

ಅಲ್ಲಿ ನನಗೊಬ್ಬ ಗೆಳೆಯ ಇದ್ದಾನೆ. ಯಾಳ್ಪಾಣದವನು. ನಾವು ಜಾಫ್ನಾ ಅಂತೀವಲ್ಲ, ಅದೇ. ಅವನೂ ಮೇಷ್ಟ್ರು, ಅವನಿಗೂ ಕಾಣುವುದಿಲ್ಲ. ಆದರೆ ನನ್ನ ಹಾಗೆ ಹುಟ್ಟಿನಿಂದ ಅಲ್ಲ. ಒಂಬತ್ತು ವರ್ಷದವನಿದ್ದಾಗ ಶೆಲ್ ಚೂರು ತಾಗಿ ಹೋಗಿದ್ದು. ಲಾಕ್‌ಡೌನ್ ಸಮಯದ ಒಂದು ಆನ್‌ಲೈನ್ ತರಬೇತಿಯಲ್ಲಿ ಪರಿಚಯ. ನನ್ನ ತಾಯಿ ಕೆಜಿಎಫ್‌ನವರು, ಗಣಿ ಕಾಲೊನಿಯಲ್ಲಿ ಬೆಳೆದವರು. ಹಾಗಾಗಿ ತಮಿಳು ನನಗೆ ಕಿವಿಯ ಭಾಷೆ. ಅವನ ತಮಿಳು ನಮ್ಮ ಕೆಜಿಎಫ್ ತಮಿಳಿನ ಹಾಗಲ್ಲ, ಪುಸ್ತಕ ಓದಿದ ಹಾಗಿರುತ್ತದೆ. ಆದರೂ ನಡೆಯುತ್ತದೆ.

ಅವನು ಒಂದು ಸಲ ಬ್ರೈಲಿನಲ್ಲಿ ಕಾಗದ ಬರೆದು ಕಳಿಸಿದ. ಕುರುಡರ ಬರಹಕ್ಕೆ ಅಂಚೆ ಖರ್ಚಿಲ್ಲ, ಏಳು ಕೆಜಿ ತನಕ ಪುಕ್ಕಟೆ. (ಇದೊಂದು ಪುಕ್ಕಟೆ ನಾನು ತಗೊಳ್ಳುತ್ತೇನೆ. ಜಗತ್ತಿಗೆಲ್ಲ ಒಂದೇ ನಿಯಮ, ಯಾರದೋ ಕನಿಕರ ಅಲ್ಲ.) ತಮಿಳು ಲಿಪಿ ನನಗೆ ಯಾರೂ ಕಲಿಸಿಲ್ಲ. ಆದರೆ ಕಾಗದದ ಮೇಲೆ ಬೆರಳಿಟ್ಟರೆ ಓದಲು ಬಂತು! 1951ರಲ್ಲಿ ಭಾರತಿ ಬ್ರೈಲ್ ಅಂತ ಒಂದು ಮಾಡಿದರು. ಅದರಲ್ಲಿ ಕನ್ನಡದ "ಕ", ತಮಿಳಿನ "ಕ", ಹಿಂದಿಯ "ಕ" ಎಲ್ಲಕ್ಕೂ ಅದೇ ಎರಡು ಚುಕ್ಕಿ. ಕಣ್ಣಿದ್ದವರು ಹೊಸೂರು ದಾಟಿದರೆ ಬಸ್ ಬೋರ್ಡು ಓದೋಕೆ ಒದ್ದಾಡುತ್ತಾರೆ. ನಮಗೆ ಆ ಕಷ್ಟ ಇಲ್ಲ. ಒಂದೆರಡು ಅಕ್ಷರ ಮಾತ್ರ ಬೆರಳಿಗೆ ಸಿಗಲಿಲ್ಲ. ಅದರಲ್ಲೊಂದು ಅವರ ಊರಿನ ಹೆಸರಲ್ಲೇ ಇದೆ, ಹಳಗನ್ನಡದಲ್ಲಿದ್ದು ನಾವು ಬಿಟ್ಟುಬಿಟ್ಟ ೞ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಬೆರಳಿಗೆ ಇಷ್ಟು ಸಲೀಸಾದದ್ದು ಕಂಪ್ಯೂಟರಿಗೆ ಬಂದಾಗ ಕೈಕೊಟ್ಟಿತು. ಅಂಗಡಿಯ ನಿಜವಾದ ಕೆಲಸ ಅಲ್ಲಿಂದ ಶುರು.

ನಾನು ಕಂಪ್ಯೂಟರಿನಲ್ಲಿ ಬಳಸುವುದು ಎನ್‌ವಿಡಿಎ. ಪರದೆ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದ್ದು, ಆಮೇಲೆ ಜೇಮ್ಸ್ ಟೆಹ್ ಸೇರಿಕೊಂಡರು. ಇಬ್ಬರಿಗೂ ಕಣ್ಣು ಕಾಣಲ್ಲ. ದುಡ್ಡು ಕೊಡಬೇಕಿಲ್ಲ, ಪೆನ್‌ಡ್ರೈವಿಗೆ ಹಾಕಿಕೊಂಡು ಯಾವ ಕಂಪ್ಯೂಟರಿನಲ್ಲಾದರೂ ಓಡಿಸಬಹುದು. ಜೊತೆಗೆ ಬರುವ ಕನ್ನಡದ ದನಿ ಮೂಗು ಹಿಡಿದುಕೊಂಡು ಮಾತಾಡಿದ ಹಾಗಿದೆ, ನಿಜ. ಒಂದು ತಿಂಗಳಲ್ಲಿ ಅಭ್ಯಾಸವಾಗುತ್ತದೆ. ಈಗ ಮನುಷ್ಯರ ದನಿಯಲ್ಲಿ ಓದಿದರೆ ನನಗೆ ನಿಧಾನ ಅನ್ನಿಸುತ್ತದೆ.

ಆದರೆ ಅದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಸಂಕೇತದ, ಅಕ್ಷರಗಳನ್ನು ಮಾತ್ರ ಕನ್ನಡ ಅಂತ ಗುರುತಿಸುತ್ತದೆ. ಹಳೆ ಕಾಲದ ಆಸ್ಕಿ ಫಾಂಟಿನಲ್ಲಿ ಟೈಪು ಮಾಡಿದ್ದು ಪರದೆ ಮೇಲೆ ಕನ್ನಡದ ಹಾಗೆ ಕಾಣುತ್ತದಂತೆ, ಒಳಗೆ ಇರುವುದೆಲ್ಲ ಇಂಗ್ಲಿಷ್ ಗುರುತು. ನನ್ನ ಹತ್ತಿರ ಒಂದು ಕಚೇರಿಯಿಂದ ಬಂದ 41 ಪುಟದ ಫೈಲಿತ್ತು. ವಿಕಲಚೇತನ ಮಕ್ಕಳಿಗೆ ಏನೇನು ಸೌಲಭ್ಯ ಅಂತ. ಓದಿಸಿದೆ. "ಕನ್ನಡ" ಅನ್ನುವ ಒಂದು ಪದಕ್ಕೆ ಅದು ಹೇಳಲು ಶುರು ಮಾಡಿದ್ದು ಹೀಗೆ: ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್, ಮತ್ತೆ ಎ. ಒಂದೊಂದು "ನ"ಕಾರಕ್ಕೂ ಒಂದೊಂದು ಪೌಂಡ್. ಬ್ರಿಟಿಷರು ಹೋದರೂ ಅವರ ದುಡ್ಡು ನಮ್ಮ ಸುತ್ತೋಲೆಯಲ್ಲಿ ಉಳಿದುಬಿಟ್ಟಿದೆ. ನನಗಾಗಿ ಬರೆದ ಕಾಗದ, ನಾನೊಬ್ಬನೇ ಓದೋಕಾಗದ ಕಾಗದ.

ಗೆಳೆಯನಿಗೆ ಫೋನಿನಲ್ಲಿ ಇದನ್ನು ಹೇಳಿ ನಕ್ಕೆ. ಅವನು ನಗಲಿಲ್ಲ. ಅವನ ಶಾಲೆಯ ಟೈಪಿಸ್ಟ್ ಕೈಯಲ್ಲಿ ಮಾಡಿಸಿದ 21 ಪುಟದ ಟಿಪ್ಪಣಿ ಕಳಿಸಿದ. ಬಾಮಿನಿ ಅನ್ನುವ ಫಾಂಟು. ಅದರಲ್ಲಿ "ತಮಿಳು" ಅನ್ನುವ ಪದವನ್ನು ಎನ್‌ವಿಡಿಎ ಓದುವುದು: ಜೆ, ಕೆ, ಪಿ, ಓ, ಸೆಮಿಕೋಲನ್. ಸಿಂಹಳದ ಹಳೆ ಫಾಂಟುಗಳದ್ದೂ ಇದೇ ಕಥೆ. "ನಮಗೆ ಎರಡು ಬೀಗ" ಅಂದ. ಅವರ ದೇಶದಲ್ಲಿ 1956ರಲ್ಲಿ ಸಿಂಹಳವನ್ನು ಮಾತ್ರ ಆಡಳಿತ ಭಾಷೆ ಮಾಡಿದರು, ತಮಿಳನ್ನೂ ಸೇರಿಸಿದ್ದು 1987ರಲ್ಲಿ. ಒಂದು ಕಾಗದ ಮೊದಲು ತಮಿಳಿಗೆ ಬರಬೇಕು, ಆಮೇಲೆ ಓದಿಸಬಹುದಾದ ತಮಿಳಿಗೆ ಬರಬೇಕು.

ಎರಡೂ ಫೈಲು ಹಿಡಿದು ಅಂಗಡಿಗೆ ಹೋದೆ. ಮಾಲೀಕರು ಹಳೆ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು, ಬೆರಳು ಕೀಲಿ ಮೇಲೆ ಬಿದ್ದರೆ ಮಳೆ ಬಂದ ಹಾಗೆ ಸದ್ದು. ಕನ್ನಡದ್ದು ಅವರಿಗೆ ನೀರು ಕುಡಿದಷ್ಟು ಸುಲಭ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರ ಎಲ್ಲೆಲ್ಲಿ ಜಾರುತ್ತವೆ ಅಂತ ಗೊತ್ತು, ಅಲ್ಲಲ್ಲಿ ಕೈಯಲ್ಲಿ ತಿದ್ದಿದರು. ತಮಿಳು ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನಗೆ ತಮಿಳು ಒಂದಕ್ಷರ ಬರಲ್ಲ ಸಾರ್. ಆದ್ರೆ ರೋಗ ಒಂದೇ ತಾನೆ" ಅಂದರು. ಹುಡುಕಿದಾಗ ಬಾಮಿನಿಯಿಂದ ಯೂನಿಕೋಡಿಗೆ ಬದಲಿಸುವ ತಂತ್ರಾಂಶ ಸಿಕ್ಕಿತು. ಹತ್ತು ನಿಮಿಷ.

ಆಮೇಲೆ ಅವರು ಮಾಡಿದ್ದು ನನಗೆ ಬಹಳ ಹಿಡಿಸಿತು. ಕುರ್ಚಿ ಬಿಟ್ಟು ಎದ್ದರು. "ಸರಿ ಬಂದಿದೆಯಾ ಅಂತ ನೀವೇ ಕೂತು ನೋಡಿ." ನಾನು ಪೆನ್‌ಡ್ರೈವ್ ಹಾಕಿ ಎನ್‌ವಿಡಿಎ ಶುರು ಮಾಡಿದೆ. ತಮಿಳು ದನಿ ಅಂಗಡಿ ತುಂಬ ಹರಡಿತು. ಹಿಂದೆ ಆಧಾರ್ ಜೆರಾಕ್ಸಿಗೆ ನಿಂತಿದ್ದವರೊಬ್ಬರು "ಏನ್ರೀ ಇದು, ಕೆಸೆಟ್ಟು ಸಿಕ್ಕಾಕಿಕೊಂಡ ಹಾಗೆ" ಅಂದರು. ಮಾಲೀಕರು "ಸಾರ್ ಓದ್ತಾ ಇದ್ದಾರೆ, ಐದು ನಿಮಿಷ ಇರಿ" ಅಂದರು. "ಪಾಪ" ಅನ್ನಲಿಲ್ಲ.

ಆ 21 ಪುಟದಲ್ಲಿ ಏನಿತ್ತು ಅಂತ ಸ್ವಲ್ಪ ಹೇಳಲೇಬೇಕು. ಪುಸ್ತಿಕೆಯ ತಿರುಳೇ ಅದು.

ಶ್ರೀಲಂಕಾದ ಯುದ್ಧ 1983ರಿಂದ 2009ರ ಮೇ ತನಕ. ಕುರುಡ, ಕಿವುಡ ಮಕ್ಕಳ ಶಾಲೆ ಅಲ್ಲಿ ಹಳೆಯದು. ಕೊಲಂಬೊ ಹತ್ತಿರದ ರತ್ಮಲಾನದಲ್ಲಿರುವುದನ್ನು 1912ರಲ್ಲೇ ಮೇರಿ ಚಾಪ್ಮನ್ ಎಂಬ ಮಿಷನರಿ ಹೆಂಗಸು ಶುರು ಮಾಡಿದ್ದರು. ಉತ್ತರದಲ್ಲಿ ಕೈತಡಿಯಲ್ಲಿ ಒಂದಿದೆ. ಆದರೆ ಉತ್ತರಕ್ಕೂ ದಕ್ಷಿಣಕ್ಕೂ ಇರುವ ಮುಖ್ಯ ರಸ್ತೆ ಎ9. ಅದು ವರ್ಷಗಟ್ಟಲೆ ಮುಚ್ಚಿತ್ತು. 2002ರಲ್ಲಿ ತೆರೆದರು, 2006ರಲ್ಲಿ ಮತ್ತೆ ಮುಚ್ಚಿದರು, ತೆರೆದದ್ದು ಯುದ್ಧ ಮುಗಿದ ಮೇಲೆ. ಇಂಥ ಕಡೆ ಮಕ್ಕಳನ್ನು ದೂರದ ವಿಶೇಷ ಶಾಲೆಗೆ ಕಳಿಸುವುದು ಹೇಗೆ? ಹತ್ತಿರದ ಮಾಮೂಲಿ ಶಾಲೆಯೇ ಗತಿ. "ನಿಮಗೆ ಸಮನ್ವಯ ಶಿಕ್ಷಣ ತರಬೇತಿಯಿಂದ ಬಂತು, ನಮ್ಮ ಊರಿಗೆ ರಸ್ತೆ ಮುಚ್ಚಿದ್ದರಿಂದ ಬಂತು" ಅಂತ ಅವನು ಬರೆದಿದ್ದಾನೆ. ಇದನ್ನು ಪುಸ್ತಿಕೆಯ ಮೊದಲ ಪುಟಕ್ಕೆ ಹಾಕಿಸಿದೆ.

ಕಾನೂನು ನೋಡಿದರೆ ಎರಡೂ ದೇಶ ಜೋಡಿ ಎತ್ತಿನ ಹಾಗೆ. ನಮ್ಮ ಮೊದಲ ಅಂಗವಿಕಲರ ಕಾಯ್ದೆ 1995, ಅವರದು 1996ರ 28ನೇ ಕಾಯ್ದೆ. ಅದರ 23ನೇ ಸೆಕ್ಷನ್ ಪ್ರಕಾರ ವೈಕಲ್ಯದ ಕಾರಣಕ್ಕೆ ಯಾವ ಶಿಕ್ಷಣ ಸಂಸ್ಥೆಯೂ ಪ್ರವೇಶದಲ್ಲಿ ಭೇದ ಮಾಡುವಂತಿಲ್ಲ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದವನ್ನು ನಾವು 2007ರಲ್ಲೇ ಅನುಮೋದಿಸಿದೆವು. ಅವರು 2007ರಲ್ಲಿ ಸಹಿ ಹಾಕಿ, ಅನುಮೋದಿಸಿದ್ದು 2016ರಲ್ಲಿ. ಅದೇ 2016ರಲ್ಲಿ ನಮಗೆ ಹೊಸ ಕಾಯ್ದೆ ಬಂತು, 21 ಬಗೆಯ ವೈಕಲ್ಯ ಸೇರಿತು. ಅಲ್ಲಿ ಹೊಸ ಕಾಯ್ದೆಯ ಮಾತು ವರ್ಷಗಳಿಂದ ಮಾತಾಗಿಯೇ ಉಳಿದಿದೆ. ಯುದ್ಧದಲ್ಲಿ ಗಾಯವಾದ ಸೈನಿಕರಿಗೆ 1999ರ ಕಾಯ್ದೆಯಲ್ಲಿ ಬೇರೆಯೇ ಪ್ರಾಧಿಕಾರ ಮಾಡಿದ್ದಾರೆ. ರೈತನ ಮಗಳೊಬ್ಬಳು ಅಲ್ಲೇ ಪಕ್ಕದ ಹೊಲದಲ್ಲಿ ಕಾಲು ಕಳಕೊಂಡರೆ ಅವಳಿಗೆ ಆ ಬಾಗಿಲಿಲ್ಲ.

ಅಂಥ ಒಬ್ಬ ಹುಡುಗಿ ಗೆಳೆಯನ ಶಾಲೆಯಲ್ಲಿದ್ದಳಂತೆ. ಅವಳಿಗೆ ಹಾಕಿದ್ದು ನಮ್ಮ ಜೈಪುರದ ಕಾಲು. 1968ರಲ್ಲಿ ಜೈಪುರದಲ್ಲಿ ರಾಮಚಂದ್ರ ಶರ್ಮ ಅನ್ನುವ ಕುಶಲಕರ್ಮಿ ಮತ್ತು ಡಾ. ಪಿ.ಕೆ. ಸೇಥಿ ಸೇರಿ ಮಾಡಿದ ರಬ್ಬರ್ ಪಾದ. ಬರಿಗಾಲಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಗದ್ದೆಗಿಳಿಯಬಹುದು. ಯಾಳ್ಪಾಣದಲ್ಲಿ ಇದನ್ನು ಮಾಡಿಕೊಡುವ ಕೇಂದ್ರ 1987ರಿಂದ ಇದೆ. ದೊಡ್ಡವರಾದರೆ ಒಂದು ಕಾಲು ಮೂರ್ನಾಲ್ಕು ವರ್ಷ ಬರುತ್ತದೆ. ಬೆಳೆಯುವ ಹುಡುಗಿಗೆ ಬರುತ್ತಾ? ಉಳಿದ ಕಾಲು ಉದ್ದವಾಗುತ್ತಲೇ ಇರುತ್ತದೆ. ಮತ್ತೆ ಮತ್ತೆ ಅಳತೆ, ಮತ್ತೆ ಮತ್ತೆ ರಜೆ. ಹಾಜರಿ ಕಡಿಮೆ ಅಂತ ಅವಳ ಹೆಸರು ಹೊಡೆಯುವುದರಲ್ಲಿದ್ದರಂತೆ. ಮೇಷ್ಟ್ರುಗಳು ಕೂತು ಎರಡು ತೀರ್ಮಾನ ಮಾಡಿದರು. ಕಾಲು ಬದಲಿಸುವ ದಿನ ಗೈರು ಅಂತ ಬರೆಯಬಾರದು. ಮಹಡಿ ಮೇಲಿದ್ದ ಆರನೇ ತರಗತಿಯನ್ನು ಕೆಳಗಿಳಿಸಿ, ಕೆಳಗಿದ್ದ ಹತ್ತನೇ ತರಗತಿಯನ್ನು ಮೇಲೆ ಹತ್ತಿಸಬೇಕು. ಖರ್ಚು ಸೊನ್ನೆ. ನಮ್ಮ ಸಭೆಯಲ್ಲಿ ಇದನ್ನು ಓದಿದಾಗ ಹಿಂದಿನ ಸಾಲಿನಿಂದ ಒಬ್ಬರು "ಇಷ್ಟೇನಾ?" ಅಂದರು. ಹೌದು, ಇಷ್ಟೇ.

ಇನ್ನೊಂದು ಮಾತು ಅವನ ಟಿಪ್ಪಣಿಯಲ್ಲಿತ್ತು. ಅದೇ ನಕ್ಷೆಗೆ ದಾರಿ ಮಾಡಿದ್ದು. ನೆಲಬಾಂಬಿಗೆ ಅವರು "ಮಿದಿವೆಡಿ" ಅಂತಾರೆ. ತುಳಿದರೆ ಸಿಡಿಯುವುದು. ಅಪಾಯ ಇರುವ ಕಡೆ ಕೆಂಪು ಬೋರ್ಡು, ಮೇಲೆ ತಲೆಬುರುಡೆ. ಶಾಲೆಗಳಲ್ಲಿ ಮಕ್ಕಳಿಗೆ ಆ ಬೋರ್ಡು ತೋರಿಸಿ ಪಾಠ ಮಾಡುತ್ತಾರೆ. ಕಾಣದ ಮಗುವಿಗೆ ಆ ಬೋರ್ಡು ಏನು ಹೇಳುತ್ತದೆ? ಅವನು ತನ್ನ ತರಗತಿಯಲ್ಲಿ ಒಂದು ತಟ್ಟೆಯಲ್ಲಿ ಮರಳು ಹರಡಿ, ಹಗ್ಗದಲ್ಲಿ ದಾರಿ ಮಾಡಿ, ಹೋಗಬಾರದ ಕಡೆ ಬೇಳೆ ಚೆಲ್ಲಿ ಬೆರಳಲ್ಲಿ ನಡೆಸುತ್ತಿದ್ದನಂತೆ.

ನಮ್ಮ ಎಂಟನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಪೂರ್ತಿ ಕಾಣುವುದಿಲ್ಲ. ನಕ್ಷೆ ಅಂದರೆ ಅವಳಿಗೆ "ಪಕ್ಕದವಳು ಬಣ್ಣ ಹಚ್ಚುವ ಹೊತ್ತು" ಅಷ್ಟೇ. ಸಭೆಗೆ ಮಾಡಿಸುವ ನಕ್ಷೆ ಅವಳಿಗೂ ಆಗುತ್ತದೆ ಅಂದುಕೊಂಡು ಅಂಗಡಿಯವರಿಗೆ ಹೇಳಿದೆ. ಮುಟ್ಟಿದರೆ ಗೊತ್ತಾಗುವ ಹಾಗೆ ಶ್ರೀಲಂಕಾ ಬೇಕು. ಅವರು ಲ್ಯಾಮಿನೇಷನ್ ಮಾಡುವ ಹುಡುಗನನ್ನು ಕರೆದರು. ಹುಡುಗನಿಗೆ ಹದಿನೆಂಟು ವರ್ಷ ಇರಬಹುದು, ಬೆರಳೆಲ್ಲ ಗೋಂದು. "ಬಾರ್ಡರಿಗೆ ಏನ್ ಹಾಕ್ಲಿ ಸಾರ್?" ಮೂರು ದಾರ ಕೊಟ್ಟು ನನ್ನ ಕೈಯಲ್ಲೇ ಆರಿಸಿದ. ಸಮುದ್ರದ ಅಂಚಿಗೆ ಸೆಣಬಿನ ದಾರ, ಎ9 ರಸ್ತೆಗೆ ಮೇಣ ಹಚ್ಚಿದ ಸಣ್ಣ ದಾರ. ಕ್ಯಾಂಡಿಯಿಂದ ಯಾಳ್ಪಾಣದ ತನಕ ಎಳೆದ. ನೆಲಬಾಂಬಿಗೆ ಬೇಳೆ ದೊಡ್ಡದಾಯಿತು, ನಕ್ಷೆ ಚಿಕ್ಕದು. "ರಾಗಿ?" ಅಂದ. ಪಕ್ಕದ ಅಂಗಡಿಯಿಂದ ಒಂದು ಹಿಡಿ ರಾಗಿ ತಂದ. ಅದರ ದುಡ್ಡು 180ರಲ್ಲೇ ಸೇರಿದೆ. ಆನೆಯಿರವು ಅಂತ ಒಂದು ಜಾಗ, ಇಂಗ್ಲಿಷಿನಲ್ಲಿ ಎಲಿಫೆಂಟ್ ಪಾಸ್. ದ್ವೀಪದ ದೇಹಕ್ಕೂ ಯಾಳ್ಪಾಣದ ತಲೆಗೂ ನಡುವಿನ ಕತ್ತು ಅದು. ಅದರ ಮೇಲ್ಗಡೆ ಮುಹಮಾಲೈ, ಎರಡೂ ಕಡೆಯ ಸೈನ್ಯ ವರ್ಷಗಟ್ಟಲೆ ಎದುರುಬದುರು ಕೂತ ಜಾಗ. ರಾಗಿ ಜಾಸ್ತಿ ಬಿದ್ದಿದ್ದು ಅಲ್ಲೇ.

ಎಲ್ಲ ಹೊಗಳಿಕೆ ಆಯಿತು, ಈಗ ತಪ್ಪು.

ಒಂದು, ಪ್ರೂಫು. ಪುಸ್ತಿಕೆಯಲ್ಲಿ ಜನಗಣತಿ ಲೆಕ್ಕ ಹಾಕಿಸಿದ್ದೆ. ಶ್ರೀಲಂಕಾದ 2012ರ ಗಣತಿಯಲ್ಲಿ ಐದು ವರ್ಷ ಮೇಲ್ಪಟ್ಟವರಲ್ಲಿ ನೂರಕ್ಕೆ 8.7 ಜನರಿಗೆ ಏನಾದರೂ ತೊಂದರೆ ಇದೆ. ಭಾರತದ 2011ರ ಗಣತಿಯಲ್ಲಿ ನೂರಕ್ಕೆ 2.21. ಟೈಪು ಮಾಡುವ ಹುಡುಗಿ ಚುಕ್ಕಿ ಬಿಟ್ಟು "87" ಅಂತ ಹೊಡೆದಿದ್ದಳು. ಕಿವಿಯಲ್ಲಿ ಕೇಳಿ ನಾನೇ ಹಿಡಿದೆ. ಮೂವತ್ತು ಪ್ರತಿ ಅಚ್ಚಾಗುವ ಮೊದಲು ಹಿಡಿದಿದ್ದು ಪುಣ್ಯ. ತಿದ್ದಿಕೊಟ್ಟರು, ಅದಕ್ಕೆ ದುಡ್ಡಿಲ್ಲ. (8.7 ಯಾಕೆ ಅಷ್ಟು ಜಾಸ್ತಿ, ಯುದ್ಧದಿಂದಲಾ ಅಂತ ಮಾಲೀಕರೇ ಕೇಳಿದರು. ಪೂರ್ತಿ ಅದಲ್ಲ, ಕೇಳಿದ ಪ್ರಶ್ನೆ ಬೇರೆ. ನಮ್ಮಲ್ಲಿ "ಅಂಗವಿಕಲರಿದ್ದಾರಾ" ಅಂತ ಕೇಳಿದರು. ಅಲ್ಲಿ "ನೋಡೋಕೆ, ಕೇಳೋಕೆ, ನಡೆಯೋಕೆ, ನೆನಪಿಟ್ಟುಕೊಳ್ಳೋಕೆ ಕಷ್ಟ ಇದೆಯಾ" ಅಂತ ಕೇಳಿದರು. "ಹಂಗಾದ್ರೆ ನಮ್ಮಮ್ಮನೂ ಬರ್ತಾರೆ ಲೆಕ್ಕಕ್ಕೆ" ಅಂದರು.)

ಎರಡು, ಹೇಳಿದ ದಿನಕ್ಕೆ ಕೊಡುವುದಿಲ್ಲ. ಬುಧವಾರ ಅಂದರೆ ಶುಕ್ರವಾರ ಅಂತ ಬರೆದುಕೊಳ್ಳಿ.

ಮೂರು, ಮೆಟ್ಟಿಲು. ಇದಕ್ಕೇ ಒಂದು ಸ್ಟಾರು ಕಿತ್ತಿದ್ದೇನೆ. ಚರಂಡಿ ದಾಟಿ ಮೊಣಕಾಲೆತ್ತರದ ಎರಡು ಕಲ್ಲು ಹತ್ತಬೇಕು. ನನಗೆ ಅಭ್ಯಾಸ. ನನ್ನ ಸಹೋದ್ಯೋಗಿಯೊಬ್ಬರು ಮೂರು ಗಾಲಿ ಸ್ಕೂಟರಿನಲ್ಲಿ ಬರುತ್ತಾರೆ, ಪೋಲಿಯೊ. ಅವರು ಸಂದಿಯಲ್ಲೇ ನಿಂತು ಹಾರ್ನ್ ಹೊಡೆಯಬೇಕು, ಹುಡುಗ ಓಡಿಬಂದು ಕಾಗದ ಇಸ್ಕೊಂಡು ಹೋಗುತ್ತಾನೆ. ಒಳ್ಳೆ ಹುಡುಗ. ಆದರೆ ಅವರು ಇವತ್ತಿನವರೆಗೆ ಆ ಕಂಪ್ಯೂಟರಿನ ಮುಂದೆ ಕೂತು ತಮ್ಮ ಫೈಲು ನೋಡಿಲ್ಲ. ಮಾಲೀಕರಿಗೆ ಹೇಳಿದರೆ "ಚರಂಡಿ ನಮ್ಮದಲ್ಲ ಸಾರ್" ಅಂತಾರೆ.

ನಾನು ಅವರಿಗೆ ಅಜಿತ್ ಪೆರೇರ ಕಥೆ ಹೇಳಿದೆ. ಶ್ರೀಲಂಕಾದ ಕ್ರಿಕೆಟ್ ಅಂಪೈರ್. 1992ರಲ್ಲಿ ಅವರು ಹೋಗುತ್ತಿದ್ದ ಕಾರಿನ ಮೇಲೆ ರಸ್ತೆ ಬದಿಯ ಮರ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಗಾಲಿಕುರ್ಚಿಯಲ್ಲಿ ಕೂತುಕೊಂಡೇ ಕಟ್ಟಡಗಳ ಬಗ್ಗೆ ಬರೆದರು, ಓಡಾಡಿದರು, ಕೋರ್ಟಿಗೆ ಹೋದರು. ಸಾರ್ವಜನಿಕ ಕಟ್ಟಡಗಳಿಗೆ ಎಲ್ಲರೂ ಹೋಗುವಂತಿರಬೇಕು ಅನ್ನುವ ನಿಯಮ ಅಲ್ಲಿ 2006ರಲ್ಲೇ ಬಂದಿತ್ತು, ಪಾಲಿಸುವವರಿರಲಿಲ್ಲ. 2011ರ ಏಪ್ರಿಲ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅವರ ಅರ್ಜಿಯ ಮೇಲೆ ಆದೇಶ ಕೊಟ್ಟಿತು. ಮಾಲೀಕರು ಪೂರ್ತಿ ಕೇಳಿದರು. "ಅಂಪೈರಾ? ಹಂಗಾದ್ರೆ ಔಟ್ ಅಂದ್ರೆ ಔಟೇ" ಅಂತ ನಕ್ಕರು. ಒಂದು ಹಲಗೆ ಹಾಕಿಸೋಣ ಅಂದಿದ್ದಾರೆ. ಬುಧವಾರ ಅಂದಿದ್ದಾರೆ.

ನಾಲ್ಕನೆಯದು ತಪ್ಪೋ ಅಲ್ಲವೋ ನೀವೇ ಹೇಳಿ. ಸಭೆ ಮುಗಿದ ಮೇಲೆ ನಕ್ಷೆಯನ್ನು ತರಗತಿಗೆ ತಗೊಂಡು ಹೋದೆ. ಹುಡುಗಿಯ ಕೈಗೆ ಕೊಟ್ಟೆ. ಮೊದಲು ಹೊರಗಿನ ಸೆಣಬಿನ ದಾರದ ಮೇಲೆ ಒಂದು ಸುತ್ತು ಬಂದಳು. "ಸಾರ್, ಇದು ಮಾವಿನಕಾಯಿ." ಹೌದು. "ತೊಟ್ಟಿದೆ ಮೇಲೆ." ಆ ತೊಟ್ಟೇ ಯಾಳ್ಪಾಣ ಅಂದೆ. ಆಮೇಲೆ ತೋರುಬೆರಳು ಎ9 ಮೇಲಿಟ್ಟು ಹತ್ತಿದಳು. ಕತ್ತಿನ ಹತ್ತಿರ ಬಂದು ನಿಂತಳು. ರಾಗಿ ಕೈಗೆ ಸಿಕ್ಕಿತ್ತು. ಏನಿದು ಅಂತ ಹೇಳಿದೆ. ಬೆರಳು ಹಿಂದಕ್ಕೆಳೆದುಕೊಂಡಳು, ನಿಜವಾಗಿ ಬಿಸಿ ತಾಗಿದ ಹಾಗೆ. ಒಂದು ನಿಮಿಷ ಬಿಟ್ಟು ಮತ್ತೆ ಇಟ್ಟಳು. ಪಕ್ಕದವಳು ಬಣ್ಣದ ಪೆನ್ಸಿಲ್ ಬಿಟ್ಟು "ನನಗೂ ಕೊಡೆ" ಅಂದಳು. ಕಣ್ಣು ಮುಚ್ಚಿಕೊಂಡು ನೋಡಿದಳಂತೆ, ಇವಳು ಆಮೇಲೆ ನನಗೆ ಹೇಳಿದಳು.

ಒಂದು ವಾರಕ್ಕೆ ಗೋಂದು ಒಣಗಿ ರಾಗಿ ಉದುರಲು ಶುರುವಾಯಿತು. ಬೆಂಚಿನ ಮೇಲೆಲ್ಲ ಕಾಳು. ಹುಡುಗಿ ಅದನ್ನು ಒಟ್ಟುಮಾಡಿ ಅಂಗೈಯಲ್ಲಿ ಹಿಡಿದುಕೊಂಡು ಬಂದಳು. "ಸಾರ್, ಉದುರಿದ ಕಡೆ ಬಾಂಬು ತೆಗೆದಾಯ್ತಾ?"

ಇಂಥ ಪ್ರಶ್ನೆಗೆ ಮೇಷ್ಟ್ರು ತಯಾರಿರಬೇಕು, ನಾನಿರಲಿಲ್ಲ. ಗೆಳೆಯನ ಟಿಪ್ಪಣಿ ನೆನಪಿಸಿಕೊಂಡು ಹೇಳಿದೆ. ತೆಗೆಯುತ್ತಿದ್ದಾರೆ. ಹೇಲೋ ಟ್ರಸ್ಟ್ ಅನ್ನುವ ಸಂಸ್ಥೆ 2002ರಿಂದ ಅಲ್ಲಿದೆ. ಕೆಲಸ ಮಾಡುವವರಲ್ಲಿ ಆ ಊರಿನ ಹೆಂಗಸರು ಬಹಳ ಜನ, ಗಂಡನನ್ನು ಯುದ್ಧದಲ್ಲಿ ಕಳಕೊಂಡವರೂ ಇದ್ದಾರೆ. ಮೊಣಕಾಲೂರಿ ಕೂತು, ಕುಂಟೆಯಂಥ ಸಲಕರಣೆಯಲ್ಲಿ ಮಣ್ಣು ಸ್ವಲ್ಪ ಸ್ವಲ್ಪವೇ ಕೆರೆಯುತ್ತಾರೆ. ನೆಲಬಾಂಬು ನಿಷೇಧದ ಒಪ್ಪಂದಕ್ಕೆ ಶ್ರೀಲಂಕಾ ಸೇರಿದ್ದು 2017ರಲ್ಲಿ, ಎಲ್ಲ ತೆಗೆದು ಮುಗಿಸಲು ಕೊಟ್ಟ ಗಡುವು 2028. ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. "ಆಗ ನಾನು ಪಿಯುಸಿ ಸಾರ್."

ನಕ್ಷೆ ವಾಪಸ್ ಅಂಗಡಿಗೆ ತಗೊಂಡು ಹೋದೆ. ಗೋಂದು ಸರಿ ಇಲ್ಲ ಅಂತ ಜಗಳವಾಡಿದೆ. ಹುಡುಗ "ಸಾರಿ ಸಾರ್, ಈಗಲೇ ಪೂರ್ತಿ ಅಂಟಿಸ್ತೀನಿ, ಫ್ರೀ" ಅಂದ. ಪೂರ್ತಿ ಬೇಡ ಅಂದೆ. ಉಳಿದಿರುವ ಕಾಳು ಗಟ್ಟಿಯಾಗಿ ನಿಲ್ಲುವ ಹಾಗೆ ಮೇಲೊಂದು ಕೋಟ್ ಗೋಂದು ಹಚ್ಚಿದರೆ ಸಾಕು, ಉದುರಿದ ಜಾಗ ಹಾಗೇ ಇರಲಿ, ಬರೀ ರಟ್ಟು. ಹುಡುಗನಿಗೆ ಅರ್ಥವಾಗಲಿಲ್ಲ, ಮಾಲೀಕರಿಗೆ ಹೇಳಿದ. ಅವರು ಬಂದು ಬೆರಳಿಟ್ಟು ನೋಡಿದರು ಅನ್ನಿಸುತ್ತದೆ, ರಟ್ಟಿನ ಮೇಲೆ ಉಗುರಿನ ಸದ್ದು ಕೇಳಿತು.

"ಉದುರಿದ್ದು ನಮ್ಮ ತಪ್ಪು, ಅದನ್ನ ಅಂಟಿಸಿಕೊಡೋಕೆ ದುಡ್ಡಿಲ್ಲ" ಅಂದರು. "ಇದು ನೀವು ಹೇಳ್ತಿರೋ ಹೊಸ ಕೆಲಸ. ಇಪ್ಪತ್ತು ರೂಪಾಯಿ."

ಕೊಟ್ಟೆ. ನಾಲ್ಕು ಸ್ಟಾರ್. ಭಾನುವಾರ ರಜೆ.